ಉಪ್ಪಣ್ಣನ ರೊಟ್ಟಿ

"ತಡೀರಿ, ತಡೀರಿ! ಇನ್ನೊಂದು ಮೆಟ್ಟಿಲು ಇಳಿದ್ರೆ ಸಿಕ್ಕಿಹಾಕಿಕೊಳ್ಳುತ್ತೆ!"

ಕೆಂಡಣ್ಣ ಕೂಗಿ ಮುಗಿಸುವಷ್ಟರಲ್ಲಿ ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡೇಬಿಟ್ಟಿತು. ಕೆಳಗೆ ಬೇಕರಿ, ಮೇಲೆ ಮನೆ. ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕಾದಂಥ ಇಕ್ಕಟ್ಟಿನ ಮೆಟ್ಟಿಲು. ತಲೆಯ ಕಡೆಯನ್ನು ಸತ್ತವನ ಅಳಿಯ ಮತ್ತು ಹಾಲಿನವನು ಹಿಡಿದಿದ್ದರು. ಕಾಲಿನ ಕಡೆ ಕೆಂಡಣ್ಣ, ಅವನ ಪಕ್ಕದಲ್ಲಿ ಚರ್ಚಿನ ಗಂಟೆ ಬಾರಿಸುವ ತಾತ. ತಾತ ಪೆಟ್ಟಿಗೆಯನ್ನು ಹಿಡಿದಿದ್ದರೋ ಪೆಟ್ಟಿಗೆಯೇ ತಾತನನ್ನು ಹಿಡಿದು ನಿಲ್ಲಿಸಿತ್ತೋ ಹೇಳುವುದು ಕಷ್ಟವಾಗಿತ್ತು.

"ಕಾಲಿನ ಕಡೆ ಎತ್ತೋಣ. ಹಾಂ, ಹಾಗೆ. ಈಗ ಎಡಕ್ಕೆ ವಾಲಿಸಿ."

"ಯಾರ ಎಡ ಮಾವ?" ಎಂದ ಅಳಿಯ.

"ಗೋಡೆ ಕಡೆ ಕಣಪ್ಪ, ಗೋಡೆ ಕಡೆ!"

ಈ ತಿರುವು ಕೆಂಡಣ್ಣನಿಗೆ ಹೊಸದಲ್ಲ. ಬೀರು, ಮಂಚ, ಹೊಲಿಗೆ ಮೆಷಿನ್ನು, ಈ ಮನೆಯ ಮಗಳ ತೊಟ್ಟಿಲು ಎಲ್ಲವೂ ಇದೇ ಮೆಟ್ಟಿಲು ಹತ್ತಿ ಮೇಲೆ ಹೋಗಿದ್ದವು. ಎಲ್ಲದಕ್ಕೂ ಒಂದು ತುದಿ ಅವನದು. ಇನ್ನೊಂದು ತುದಿ ಹಿಡಿಯುತ್ತಿದ್ದವನು ಈಗ ಪೆಟ್ಟಿಗೆಯೊಳಗೆ ಆರಾಮಾಗಿ ಮಲಗಿದ್ದ.

"ಬದುಕಿದ್ದಾಗಲೂ ಹೀಗೇ. ಒಂದು ಕಡೆ ತಿರುಗೋ ಅಂದ್ರೆ ತಿರುಗಿದವನಲ್ಲ" ಎಂದು ಗೊಣಗಿದ.

ಹಾಲಿನವನಿಗೆ ನಗು ಬಂದುಬಿಟ್ಟಿತು. ತಕ್ಷಣ ನಾಲಿಗೆ ಕಚ್ಚಿಕೊಂಡು ಮೇಲಕ್ಕೆ ನೋಡಿದ. ಮೆಟ್ಟಿಲಿನ ತುದಿಯಲ್ಲಿ ಸತ್ತವನ ಹೆಂಡತಿ, ಕೆಂಡಣ್ಣನ ಬಾಯಲ್ಲಿ ಯಾವತ್ತೂ ಅತ್ತಿಗೆ, ಮಗಳ ಕೈ ಹಿಡಿದು ನಿಂತಿದ್ದಳು.

"ನಗಪ್ಪ, ಪರವಾಗಿಲ್ಲ" ಎಂದಳು ಅತ್ತಿಗೆ. "ಅವರಿದ್ದಿದ್ರೆ ಮೊದಲು ಅವರೇ ನಗ್ತಿದ್ರು."

ಪೆಟ್ಟಿಗೆ ಕೊನೆಗೂ ಹೊರಳಿತು, ಇಳಿಯಿತು, ಬೇಕರಿಯ ಗಾಜಿನ ಕಪಾಟುಗಳ ಮಧ್ಯೆ ಹಾದು ಬೀದಿಗೆ ಬಂತು. ಚರ್ಚು ಎದುರು ಸಾಲಿನಲ್ಲೇ, ನಾಲ್ಕು ಅಂಗಡಿ ದಾಟಿದರೆ ಸಿಗುತ್ತದೆ. ಬೆಳಗ್ಗೆಯೇ ಅಲ್ಲಿಗೆ ಒಯ್ದು ಇಡುವುದು, ಬಂದವರು ಮುಖ ನೋಡುವುದು, ಮಧ್ಯಾಹ್ನ ಆರಾಧನೆ, ಆಮೇಲೆ ಮಣ್ಣು ಎಂದು ನಿಗದಿಯಾಗಿತ್ತು.

ಗೇಟಿನ ಹತ್ತಿರ ಕೆಂಡಣ್ಣನ ಕಾಲು ನಿಂತವು. ಅವನು ನಿಂತಿದ್ದರಿಂದ ಪೆಟ್ಟಿಗೆಯೂ ನಿಂತಿತು. ಜೊತೆಯಲ್ಲಿ ಬರುತ್ತಿದ್ದ ದರ್ಜಿಯನ್ನು ಕಣ್ಣಿನಲ್ಲೇ ಕರೆದು ತನ್ನ ತುದಿಯನ್ನು ಅವನ ಕೈಗೆ ದಾಟಿಸಿದ.

"ಇವತ್ತಾದ್ರೂ..." ಎಂದರು ಗಂಟೆ ತಾತ, ಏದುಸಿರಿನ ನಡುವೆ. "ನೀನು ಮಾತು ಕೊಟ್ಟಿದ್ದೆಯಲ್ಲಪ್ಪ ಅವನಿಗೆ."

"ಗಂಟೆ ಬಾರಿಸೋದು ನಿಮ್ಮ ಕೆಲಸ. ಅದನ್ನ ನೋಡ್ಕೊಳ್ಳಿ ತಾತ."

ತಾತ ಹೇಳಿದ್ದು ನಿಜವೇ. ಕೆಂಡಣ್ಣ ಮಾತು ಕೊಟ್ಟಿದ್ದ, ಅದು ಬೀದಿಗೆಲ್ಲ ಗೊತ್ತಿತ್ತು. 'ನೀನು ಸತ್ತ ದಿನ ನಿನ್ನ ಚರ್ಚಿಗೆ ಬರ್ತೀನಿ, ಹೋಗು' ಎಂದು ಎಷ್ಟು ಸಲ ಹೇಳಿದ್ದನೋ ಅವನಿಗೇ ನೆನಪಿಲ್ಲ. ಹೇಳುವಾಗ ತಮಾಷೆಯಾಗಿತ್ತು. ಆ ದಿನ ಬಂದು ಎದುರಿಗೆ ನಿಂತಾಗ ಅದರಲ್ಲಿ ತಮಾಷೆ ಏನೂ ಉಳಿದಿರಲಿಲ್ಲ. ಅವನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹಿಟ್ಟು ಇರಲಿಲ್ಲ. ಬೇಕರಿ ತೆಗೆಯದೆ ಎರಡು ದಿನವಾಗಿತ್ತು.

*

ಪೆಟ್ಟಿಗೆಯೊಳಗಿದ್ದವನನ್ನು ಒಂದು ಕಾಲದಲ್ಲಿ ಯಾರೂ ಉಪ್ಪಣ್ಣ ಎನ್ನುತ್ತಿರಲಿಲ್ಲ. ಆಗ ಬೇಕರಿ ಹೊಸದು, ಇಬ್ಬರಿಗೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಭಟ್ಟಿಯ ಕಡೆ ಕೆಂಡಣ್ಣ, ಹಿಟ್ಟಿನ ಕಡೆ ಅವನು. ಕೆಂಡಣ್ಣನಿಗೆ ಆ ಹೆಸರು ಭಟ್ಟಿಯಿಂದ ಬಂತೋ ಸಿಟ್ಟಿನಿಂದ ಬಂತೋ ಎಂದು ಗಿರಾಕಿಗಳು ಕೇಳುತ್ತಿದ್ದರು. ಆದರೆ ಆಗ ಸಿಟ್ಟಿನಲ್ಲಿ ಒಂದು ಕೈ ಮೇಲಿದ್ದವನು ಹಿಟ್ಟಿನವನೇ. ಅವನಿಗೆ ಯಾವುದೂ ಸರಿಬರುತ್ತಿರಲಿಲ್ಲ. ಹಿಟ್ಟು ಬಂದರೆ ಹಿಟ್ಟು ಚೆನ್ನಾಗಿಲ್ಲ, ಮಳೆ ಬಂದರೆ ಸೌದೆ ಒದ್ದೆ, ಗಿರಾಕಿ ಬಂದರೆ ಬಾಗಿಲು ಮುಚ್ಚುವ ಹೊತ್ತಿಗೇ ಬರುತ್ತಾನೆ. ಊಟಕ್ಕೆ ಕೂತರೂ ಯಾರೋ ತನ್ನ ತಟ್ಟೆಯಿಂದ ಕಿತ್ತುಕೊಂಡವರ ಹಾಗೆ ಮುಖ. "ಊರಿಗೆಲ್ಲ ಬ್ರೆಡ್ ಮಾಡಿ ಹಾಕ್ತೀನಿ, ನನಗೇನು ಸಿಕ್ತು?" ಎನ್ನುವುದು ಅವನ ದಿನನಿತ್ಯದ ಪಲ್ಲವಿ. ಕೇಳಿ ಕೇಳಿ ಕೆಂಡಣ್ಣನ ತಲೆ ಚಿಟ್ಟು ಹಿಡಿದಿತ್ತು.

ಭಾನುವಾರ ಪ್ರಭುಭೋಜನದಲ್ಲಿ ಮುರಿದು ಹಂಚಲು ಚರ್ಚಿಗೆ ಒಂದು ದುಂಡನೆಯ ಬ್ರೆಡ್ಡು ಹೋಗಬೇಕಿತ್ತು. ನಮ್ಮ ಅಂಗಡಿಯಲ್ಲಿ ಅದು ಬ್ರೆಡ್ಡು, ಅಲ್ಲಿಯ ಮೇಜಿಗೆ ಹೋದರೆ ರೊಟ್ಟಿ ಎಂದು ಕೆಂಡಣ್ಣ ನಗುತ್ತಿದ್ದ. ಹಿಟ್ಟಿನವನು ಅದನ್ನು ಕೊಟ್ಟು, ತಟ್ಟೆ ಖಾಲಿಯಾಗುವವರೆಗೆ ಹಿಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತು, ತಟ್ಟೆ ತೆಗೆದುಕೊಂಡು ಬರುತ್ತಿದ್ದ. ದೇವರ ಜೊತೆ ಅವನ ಸಂಬಂಧ ಆ ತಟ್ಟೆಯಷ್ಟೇ.

ಒಂದು ಭಾನುವಾರ ಬೆಳಗಿನ ಜಾವ ಹೆಂಡತಿಯ ಜೊತೆ ಜಗಳವಾಡಿ, ಧಡಧಡ ಮೆಟ್ಟಿಲಿಳಿದು ಬಂದು, ಬೈದುಕೊಳ್ಳುತ್ತಲೇ ಹಿಟ್ಟು ನಾದಿದ. ಅದೇ ಬ್ರೆಡ್ಡು ಚರ್ಚಿಗೆ ಹೋಯಿತು. ಎಲ್ಲರೂ ತುಂಡು ತೆಗೆದುಕೊಂಡರು. ಅವನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು; ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಡದ ಕೊಡೆ ಅಜ್ಜಿ. ಅವಳು ತನ್ನ ತುಂಡನ್ನು ಎರಡಾಗಿ ಮುರಿದು ಅರ್ಧವನ್ನು ಅವನ ಮುಂದೆ ಹಿಡಿದಳು.

"ನನಗೆ ಬೇಡ ಅಜ್ಜಿ. ನಾನು ಬ್ರೆಡ್ ಮಾಡೋನು."

"ಅದಕ್ಕೇ ತಗೋ. ಬ್ರೆಡ್ ಮಾಡೋನಿಗೆ ಯಾರು ಕೊಡ್ತಾರೆ?"

ಬಾಯಿಗೆ ಹಾಕಿಕೊಂಡ. ಒಂದೇ ಕ್ಷಣದಲ್ಲಿ ಗೊತ್ತಾಯಿತು. ಉಪ್ಪೇ ಇಲ್ಲ. ಸಿಟ್ಟಿನಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದ. ಸುತ್ತಲೂ ನೋಡಿದ. ಇಡೀ ಚರ್ಚು ಆ ಸಪ್ಪೆ ಬ್ರೆಡ್ಡನ್ನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿತ್ತು. ಒಬ್ಬರೂ ಮುಖ ಸಿಂಡರಿಸಲಿಲ್ಲ, ಒಬ್ಬರೂ ತಿರುಗಿ ಅವನತ್ತ ನೋಡಲಿಲ್ಲ.

"ಅಜ್ಜಿ, ಇದಕ್ಕೆ ಉಪ್ಪಿಲ್ಲ" ಎಂದ, ದನಿ ತಗ್ಗಿಸಿ. "ಮಾಡಿದೋನು ನಾನೇ."

"ಗೊತ್ತಪ್ಪ. ತಿನ್ನು. ನಿನಗೋಸ್ಕರ ಮುರಿದಿದ್ದು ಅದು."

ಅವನು ಖಾಲಿ ತಟ್ಟೆ ಮರೆತು ಬೇಕರಿಗೆ ಬಂದ. ಕೆಂಡಣ್ಣನ ಎದುರು ಹಿಟ್ಟಿನ ಮೂಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

"ಹೊಟ್ಟೆ ತುಂಬ್ತು ಕಣೋ" ಎಂದ.

"ಅಷ್ಟು ಚೂರಿಗಾ?"

"ಅಷ್ಟು ಚೂರಿಗೇ."

ಅಂದೇ ಕೆಂಡಣ್ಣ ಅವನಿಗೆ ಉಪ್ಪಣ್ಣ ಎಂದು ಹೆಸರಿಟ್ಟ. ಎರಡು ದಿನದ ಜ್ವರ, ಬಿಟ್ಟುಹೋಗುತ್ತದೆ ಎಂದುಕೊಂಡಿದ್ದ. ಬಿಡಲಿಲ್ಲ. ಹಿಟ್ಟು ಕೆಟ್ಟಿದ್ದರೂ ಗೊಣಗಾಟವಿಲ್ಲ, ಸೌದೆ ಒದ್ದೆಯಾದರೂ ಸಿಳ್ಳೆ. ಉಪ್ಪಿನ ಡಬ್ಬಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ಅದು ನನ್ನ ಕೆಲಸ" ಎಂದು ತಾನೇ ಮುಷ್ಟಿಯಲ್ಲಿ ತೆಗೆದು, "ತಿನ್ನೋರಿಗೆ ತುಂಬಲಿ ಸ್ವಾಮಿ" ಎಂದು ಹಿಟ್ಟಿನ ಮೇಲೆ ಉದುರಿಸುತ್ತಿದ್ದ. ಭಟ್ಟಿಯಿಂದ ಬಂದ ಮೊದಲ ಬ್ರೆಡ್ಡು ಮಾರಾಟಕ್ಕಲ್ಲ. ಬಾಗಿಲ ಮುಂದೆ ಮೊದಲು ಯಾರು ಹಾದುಹೋಗುತ್ತಾರೋ ಅವರಿಗೆ. ಅವರು ಯಾಕೆ ಎಂದು ಕೇಳಿದರೆ ಮುಗಿಯಿತು, ಕೊಡೆ ಅಜ್ಜಿಯಿಂದ ಹಿಡಿದು ಪೂರ್ತಿ ಕತೆ. ಬನ್ನು ತೆಗೆದುಕೊಳ್ಳಲು ಬಂದವನಿಗೆ ಪರಲೋಕವನ್ನೂ ಪೊಟ್ಟಣ ಕಟ್ಟಿ ಕೊಡುತ್ತಾನೆ ಎಂದು ಕೆಂಡಣ್ಣ ಅವನನ್ನು ಕೌಂಟರಿನಿಂದ ಎಬ್ಬಿಸಿ ಒಳಗೆ ಅಟ್ಟುತ್ತಿದ್ದ. ಕತೆ ಕೇಳಿ ಕೆಲವರು ನಕ್ಕರು, ಕೆಲವರು ಬೇರೆ ಬೇಕರಿಗೆ ಹೋದರು. ಹಾಲಿನವನು ಮಾತ್ರ ಒಂದು ದಿನ ಕ್ಯಾನು ಕೆಳಗಿಟ್ಟು ಪೂರ್ತಿ ಕೇಳಿ, ಮುಂದಿನ ಭಾನುವಾರ ಹಿಂದಿನ ಬೆಂಚಿನಲ್ಲಿ ಬಂದು ಕೂತ. ಹೀಗೆಯೇ ದರ್ಜಿಯೂ ಬಂದ.

*

"ರೊಟ್ಟಿ ಎಲ್ಲಿ?"

ಕೇಳಿದವರು ಹೊಸ ಪಾಸ್ಟರ್. ಚಿಕ್ಕ ವಯಸ್ಸು, ಊರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು, ದ್ರಾಕ್ಷಾರಸದ ಬಟ್ಟಲು ಇತ್ತು, ತಟ್ಟೆ ಇತ್ತು. ತಟ್ಟೆಯಲ್ಲಿ ಏನೂ ಇರಲಿಲ್ಲ.

'ನನ್ನನ್ನ ಕಳಿಸೋ ದಿನ ಪ್ರಭುಭೋಜನ ಇರಲಿ, ಯಾರೂ ಹಸಿದು ಹೋಗಬಾರದು' ಎಂದು ಉಪ್ಪಣ್ಣ ಹಾಸಿಗೆಯಲ್ಲಿದ್ದಾಗಲೇ ಹೇಳಿದ್ದ. ಅದರಂತೆ ಎಲ್ಲ ಸಿದ್ಧವಾಗಿತ್ತು. ರೊಟ್ಟಿಯ ಯೋಚನೆಯನ್ನು ಮಾತ್ರ ಯಾರೂ ಮಾಡಿರಲಿಲ್ಲ. ಅದು ತನ್ನಷ್ಟಕ್ಕೆ ಬಂದು ಮೇಜಿನ ಮೇಲೆ ಕೂರುವ ವಸ್ತು ಎಂದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತ್ತು.

"ನಾನು ನೀವು ಹೇಳಿದ್ದೀರಿ ಅಂದುಕೊಂಡೆ" ಎಂದ ದರ್ಜಿ.

"ನಾನು ಯಾರಿಗೆ ಹೇಳಲಿ? ತರೋನು ಅವನೇ ಅಲ್ವಾ?" ಎಂದರು ಗಂಟೆ ತಾತ ಪೆಟ್ಟಿಗೆಯ ಕಡೆ ಕೈ ತೋರಿಸಿ, ಆಮೇಲೆ ತಾವು ಹೇಳಿದ್ದು ತಮಗೇ ಅರ್ಥವಾಗಿ ಕೈ ಇಳಿಸಿಬಿಟ್ಟರು.

ಹಾಲಿನವನು ಓಡಿಹೋಗಿ ಆಚೆ ಬೀದಿಯ ಅಂಗಡಿಯಿಂದ ಒಂದು ಪ್ಯಾಕೆಟ್ಟು ತಂದ. ಪ್ಲಾಸ್ಟಿಕ್ ಚೀಲದಲ್ಲಿ ಸಾಲಾಗಿ ಕತ್ತರಿಸಿಟ್ಟ ಬ್ರೆಡ್ಡು. ಅದನ್ನು ತಟ್ಟೆಯಲ್ಲಿಟ್ಟರೆ ಮುರಿಯುವುದಕ್ಕೆ ಏನೂ ಇರಲಿಲ್ಲ, ಯಾವುದೋ ಯಂತ್ರ ಆಗಲೇ ಮುರಿದಿತ್ತು. ಅತ್ತಿಗೆ ಅದನ್ನು ನೋಡಿ ಎದ್ದಳು. ಸೆರಗನ್ನು ಭುಜಕ್ಕೆ ಎಳೆದುಕೊಂಡು ನೇರವಾಗಿ ಗೇಟಿಗೆ ನಡೆದಳು. ಮಗಳು ಹಿಂದೆಯೇ ಬಂದಳು.

"ಕೆಂಡಣ್ಣ, ರೊಟ್ಟಿ ಇಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತ.

"ಈಗ ಶುರು ಮಾಡಿದ್ರೆ ಆರಾಧನೆ ಹೊತ್ತಿಗೆ ಆಗುತ್ತಾ?"

"ಭಟ್ಟಿ ಆರಿದೆ ಅತ್ತಿಗೆ."

"ಹೊತ್ತಿಸಿ."

"ಅದು ಅವನ ಕೈ. ನಾನು ಭಟ್ಟಿಯವನು, ಹಿಟ್ಟಿನವನಲ್ಲ."

"ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೀರಲ್ಲ" ಎಂದಳು. "ಒಳಗೆ ಬನ್ನಿ ಅಂತ ನಾನು ಕರೆಯೋಕೆ ಬಂದಿಲ್ಲ. ನೀವು ಬರಲ್ಲ ಅನ್ನೋದು ಅವರಿಗೂ ಗೊತ್ತಿತ್ತು, ನನಗೂ ಗೊತ್ತು. ರೊಟ್ಟಿ ಮಾಡಿಕೊಡಿ, ಸಾಕು. ಗೇಟಿನ ಹತ್ತಿರ ಯಾರಾದ್ರೂ ಇಸ್ಕೊಳ್ತಾರೆ."

*

ಕೆಂಡಣ್ಣ ಆ ಚರ್ಚಿನೊಳಗೆ ಒಂದು ಸಲ ಹೋಗಿದ್ದ. ಯಾರಿಗೂ ಹೇಳದೆ, ಆರಾಧನೆ ಇಲ್ಲದ ಒಂದು ಮಧ್ಯಾಹ್ನ. ಅವನ ಮಗಳಿಗೆ ಜ್ವರ ಇಳಿಯದೆ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಇನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುವ ವಯಸ್ಸು. ಖಾಲಿ ಬೆಂಚುಗಳ ನಡುವೆ ನಿಂತು, ಮೊಣಕಾಲೂರಲು ಬಾರದೆ ಹೇಗೋ ಬಗ್ಗಿ, ಒಂದೇ ಒಂದನ್ನು ಕೇಳಿದ್ದ. ಅದು ಸಿಗಲಿಲ್ಲ.

ಮಗು ಮಣ್ಣಾದ ದಿನ ಉಪ್ಪಣ್ಣ ಅವನ ಪಕ್ಕದಲ್ಲಿ ಕೂತಿದ್ದ. ಕೊಡೆ ಅಜ್ಜಿಯ ಕತೆ ಹೇಳಲಿಲ್ಲ, ದೇವರ ಚಿತ್ತ ಎನ್ನಲಿಲ್ಲ. ಹೇಳಿದ್ದರೆ ಕೆಂಡಣ್ಣ ಅಂದೇ ಪಾಲುದಾರಿಕೆ ಮುರಿದುಕೊಳ್ಳುತ್ತಿದ್ದ.

"ನಿನ್ನ ದೇವರನ್ನ ಕೇಳಿದೆ. ಯಾಕೋ ಕೊಡಲಿಲ್ಲ?" ಎಂದು ಕೆಂಡಣ್ಣನೇ ಕೇಳಿದ.

"ಗೊತ್ತಿಲ್ಲ ಕಣೋ" ಎಂದ ಉಪ್ಪಣ್ಣ. ಅವನ ಕಣ್ಣು ಊದಿಕೊಂಡಿದ್ದವು. "ನಾನೂ ಅವನನ್ನ ಅದನ್ನೇ ಕೇಳ್ತಾ ಇದೀನಿ."

ಕೆಂಡಣ್ಣ ಬೇಕರಿಗೆ ಹೋಗುವುದನ್ನು ಬಿಟ್ಟ. ಮೊದಲ ಬ್ರೆಡ್ಡು ಪ್ರತಿ ಬೆಳಗ್ಗೆ ಅವನ ಮನೆ ಬಾಗಿಲಿಗೆ ಬರತೊಡಗಿತು. ಕಾಗದದಲ್ಲಿ ಸುತ್ತಿ ಹೊಸಿಲಿನ ಮೇಲಿಟ್ಟು, ಒಂದು ಸಲ ಬಾಗಿಲು ಬಡಿದು, ಉಪ್ಪಣ್ಣ ತಿರುಗಿ ನೋಡದೆ ಹೋಗುತ್ತಿದ್ದ. ಕೆಂಡಣ್ಣ ಅದನ್ನು ಎತ್ತಿ ಹಕ್ಕಿಗಳಿಗೆ ಎಸೆಯುತ್ತಿದ್ದ. ಬೀದಿಯ ಹಕ್ಕಿಗಳೆಲ್ಲ ಅವನ ಮನೆ ಮುಂದೆಯೇ ಬಿಡಾರ ಹೂಡಿದವು. ಒಂದು ದಿನ ಚಳಿ ಜಾಸ್ತಿ ಇತ್ತು, ಬ್ರೆಡ್ಡು ಕೈಗೆ ಬಿಸಿಯಾಗಿತ್ತು. ಎಸೆಯಲು ಎತ್ತಿದ ಕೈ ಬಾಯಿಗೆ ಬಂತು. ಹೊಸಿಲಿನ ಮೇಲೆ ನಿಂತೇ ಇಡೀ ಬ್ರೆಡ್ಡು ತಿಂದು ಮುಗಿಸಿದ. ಮಾರನೆಯ ದಿನ ಬೇಕರಿಗೆ ಹೋದಾಗ ಉಪ್ಪಣ್ಣ ಏನೂ ಕೇಳದೆ ಭಟ್ಟಿಯ ಮುಂದಿನ ಜಾಗ ಬಿಟ್ಟು ಸರಿದ.

ಆಮೇಲೆ ಹಾಸ್ಯ, ಜಗಳ, ಕೀಟಲೆ ಎಲ್ಲ ಮೊದಲಿನಂತೆಯೇ ನಡೆಯಿತು. ಚರ್ಚಿನ ಗೇಟು ಮಾತ್ರ ಕೆಂಡಣ್ಣ ದಾಟಲಿಲ್ಲ. ಉಪ್ಪಣ್ಣನೂ ಕರೆಯಲಿಲ್ಲ. ಕೊನೆಗೆ ಹಾಸಿಗೆ ಹಿಡಿದ ಮೇಲೂ ಬೆಳಗಿನ ಜಾವ ಅಳಿಯನ ತೋಳು ಹಿಡಿದು ಇಳಿದು ಬಂದು, ಕೂತುಕೊಂಡೇ ಹಿಟ್ಟು ಕಲಸಿ ಉಪ್ಪು ಹಾಕಿ ಹೋಗುತ್ತಿದ್ದ. ದೊಡ್ಡ ದೇಹ ಒಣಗಿ ಹೊದಿಕೆಯಡಿ ಕಾಣದಂತಾದ ಮೇಲೆ, ಒಂದು ಸಂಜೆ ಕೈ ಹಿಡಿದುಕೊಂಡು ಕೇಳಿದ್ದ.

"ಒಂದು ಸಲ ಬಾರೋ. ಪ್ರಾರ್ಥನೆ ಗೀರ್ಥನೆ ಏನೂ ಬೇಡ. ಸುಮ್ಮನೆ ನನ್ನ ಪಕ್ಕ ಕೂತ್ಕೋ."

"ಗೊತ್ತಲ್ಲ ನಿನಗೆ. ನೀನು ಸತ್ತ ದಿನ ಬರ್ತೀನಿ."

"ಮಾತಿಗೆ ತಪ್ಪಬಾರದು ಮತ್ತೆ" ಎಂದು ಉಪ್ಪಣ್ಣ ನಕ್ಕ. ನಗು ಕೆಮ್ಮಾಯಿತು. ಕೆಂಡಣ್ಣ ನೀರು ಕುಡಿಸಿ, ತುಟಿ ಒರೆಸಿ, ಮಾತು ಬದಲಿಸಿ ಈ ಸಲದ ಮೈದಾ ಎಷ್ಟು ಕಳಪೆಯಾಗಿದೆ ಎಂದು ಹೇಳಿದ.

*

ಭಟ್ಟಿಯ ಇಟ್ಟಿಗೆಗಳ ಒಳಗೆಲ್ಲೋ ಸ್ವಲ್ಪ ಬಿಸಿ ಇನ್ನೂ ಉಳಿದಿತ್ತು. ಉಪ್ಪಣ್ಣನ ಮಗಳು ಸೌದೆ ತಂದು ಒಡ್ಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮನೆಗೆ ಬಂದರೆ ಇನ್ನೂ ಬೇಕರಿಯ ಹುಡುಗಿಯೇ. ಕೆಂಡಣ್ಣ ಉಗುರುಬೆಚ್ಚಗಿನ ನೀರಿಗೆ ಸಕ್ಕರೆ, ಈಸ್ಟು ಹಾಕಿ ನೊರೆಯೇಳುವುದನ್ನು ಕಾದ. ಹಿಟ್ಟು ಜರಡಿ ಹಿಡಿದ. ನಡುವೆ ಗುಳಿ ಮಾಡಿ ನೀರು ಸುರಿದ. ಕೈಗೆ ಗೊತ್ತಿದ್ದ ಕೆಲಸವಲ್ಲ, ಕಣ್ಣಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ.

"ಚಿಕ್ಕಪ್ಪ, ಅಪ್ಪನ ಕತೆ ಹೇಳು" ಎಂದಳು ಮಗಳು.

"ಯಾವ ಕತೆ?"

"ಎಷ್ಟು ಕತೆ ಇತ್ತು ಅಪ್ಪನ ಹತ್ತಿರ? ಕೊಡೆ ಅಜ್ಜಿದು. ನೀನು ಹೇಳೋದು ಅಪ್ಪ ಹೇಳೋದಕ್ಕಿಂತ ಚೆನ್ನಾಗಿರ್ತಿತ್ತು."

ಅದೂ ನಿಜ. ಉಪ್ಪಣ್ಣ ಕತೆ ಶುರು ಮಾಡಿದರೆ ಕೆಂಡಣ್ಣ ಭಟ್ಟಿಯ ಹತ್ತಿರದಿಂದಲೇ ಅವನ ದನಿ ಅಣಕಿಸುತ್ತ ಮುಂದಿನ ವಾಕ್ಯ ಹೇಳುತ್ತಿದ್ದ. ಕೇಳಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ಉಪ್ಪಣ್ಣನೂ ಸೇರಿ. ಕೊನೆಗೆ "ಲೋಕದಲ್ಲಿ ಸಪ್ಪೆ ಬ್ರೆಡ್ಡಿಗೆ ಮರುಳಾದೋನು ಇವನೊಬ್ಬನೇ" ಎಂದು ಕೆಂಡಣ್ಣ ಮಂಗಳ ಹಾಡುವುದೂ ಪದ್ಧತಿಯಾಗಿತ್ತು.

ನಾದುತ್ತ ಶುರು ಮಾಡಿದ. ಬೆಳಗಿನ ಜಗಳ, ಧಡಧಡ ಮೆಟ್ಟಿಲು, ಹಿಂದಿನ ಬೆಂಚು. ಅಣಕದ ದನಿಯಲ್ಲೇ ಹೇಳತೊಡಗಿದ್ದ. ಅಂಗೈಯಿಂದ ಹಿಟ್ಟು ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿದ. ಅಜ್ಜಿ ತುಂಡು ಮುರಿದಳು ಎನ್ನುವಲ್ಲಿಗೆ ಬಂದಾಗ ಅಣಕ ಎಲ್ಲಿಯೋ ಬಿಟ್ಟುಹೋಗಿತ್ತು.

"ಆಮೇಲೆ?" ಎಂದಳು ಮಗಳು, ನೂರಾರು ಸಲ ಕೇಳಿದ್ದವಳು.

"ಆಮೇಲೆ ಅಜ್ಜಿ ಅಂದ್ಲು, ಬ್ರೆಡ್ ಮಾಡೋನಿಗೆ ಯಾರು ಕೊಡ್ತಾರೆ..." ಕೆಂಡಣ್ಣನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. "ನಿಮ್ಮಪ್ಪ ನನಗೆ ಕೊಟ್ಟ ಕಣಮ್ಮ. ದಿನಾ ತಂದು ಇಟ್ಟ. ನಾನು ಹಕ್ಕಿಗೆ ಹಾಕ್ತಿದ್ದೆ."

"ಅಪ್ಪನಿಗೆ ಗೊತ್ತಿತ್ತು."

"ಗೊತ್ತಿತ್ತಾ?"

"ಬೀದಿ ತಿರುವಲ್ಲಿ ನಿಂತು ನೋಡ್ತಿದ್ರಂತೆ. ಹಕ್ಕಿಗಳಾದ್ರೂ ತಿನ್ನಲಿ ಬಿಡು ಅಂತಿದ್ರು."

ಕೆಂಡಣ್ಣ ನಕ್ಕನೋ ಅತ್ತನೋ, ಮುಂಗೈಯಿಂದ ಮುಖ ಒರೆಸಿಕೊಂಡಾಗ ಕೆನ್ನೆಯ ತುಂಬ ಹಿಟ್ಟಾಯಿತು. ಹಿಟ್ಟನ್ನು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ, ಭಟ್ಟಿಯ ಪಕ್ಕದ ಬೆಚ್ಚನೆಯ ಜಾಗದಲ್ಲಿಟ್ಟ. ಉಬ್ಬುವವರೆಗೆ ಇಬ್ಬರೂ ಮೂಟೆಗಳ ಮೇಲೆ ಕೂತರು. ಮೊದಲು ಮಗಳು ಅತ್ತಳು, ಆಮೇಲೆ ಅವನು.

*

ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಹಿಡಿದು ಕೆಂಡಣ್ಣ ಗೇಟಿಗೆ ಬಂದಾಗ ಒಳಗೆ ಆರಾಧನೆಯ ಹಾಡು ಶುರುವಾಗಿತ್ತು. ಮಗಳು ಆಗಲೇ ತಾಯಿಯ ಹತ್ತಿರ ಹೋಗಿದ್ದಳು. ಗೇಟಿನಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಗಂಟೆ ತಾತ ಒಬ್ಬರೇ ಎರಡೂ ಕೈಯಲ್ಲಿ ಹಗ್ಗ ಹಿಡಿದು ಗಂಟೆ ಎಳೆಯುತ್ತಿದ್ದರು.

"ತಾತ, ಇದನ್ನ ಒಳಗೆ ಕೊಟ್ಟುಬಿಡಿ."

ತಾತ ಅವನನ್ನು ನೋಡಿದರು, ಹಗ್ಗ ಬಿಡಲಿಲ್ಲ.

"ಗಂಟೆ ಬಾರಿಸೋದು ನನ್ನ ಕೆಲಸ. ನಿನ್ನ ಕೆಲಸ ನೀನು ನೋಡ್ಕೋಪ್ಪ."

ಬೇರೆ ದಿನವಾಗಿದ್ದರೆ ಕೆಂಡಣ್ಣ ಇದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದ. ಬಟ್ಟೆಯೊಳಗಿಂದ ಬ್ರೆಡ್ಡಿನ ಬಿಸಿ ಎದೆಗೆ ತಾಗುತ್ತಿತ್ತು. ಒಳಗೆ ಹಾಡು ಮುಗಿಯುತ್ತ ಬಂದಿತ್ತು, ಖಾಲಿ ತಟ್ಟೆ ಅವನ ಕಣ್ಣ ಮುಂದೆ ಬಂತು. ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ತಡವರಿಸಿ, ಬಿಟ್ಟು, ಒಳಗೆ ಹೋದ.

ಬೆಂಚುಗಳು ಹಿಂದೆ ಅವನು ಕಂಡಂತೆಯೇ ಇದ್ದವು. ಅಂದು ಖಾಲಿ ಇದ್ದವು, ಇಂದು ತುಂಬಿದ್ದವು, ಅಷ್ಟೇ. ಮಧ್ಯದ ದಾರಿಯಲ್ಲಿ ನಡೆಯುವಾಗ ಎಲ್ಲರೂ ತಿರುಗಿ ನೋಡಿದರು. ಹಾಲಿನವನು ಬಾಯಿ ತೆರೆದವನು ಮುಚ್ಚಲೇ ಇಲ್ಲ. ಕೆಂಡಣ್ಣ ಯಾರನ್ನೂ ನೋಡದೆ ಮೇಜಿನ ಹತ್ತಿರ ಹೋಗಿ, ಬಟ್ಟೆ ಬಿಚ್ಚಿ, ಬ್ರೆಡ್ಡನ್ನು ತಟ್ಟೆಯಲ್ಲಿಟ್ಟ. ಪಕ್ಕದಲ್ಲೇ ಪೆಟ್ಟಿಗೆ ತೆರೆದಿತ್ತು. ಉಪ್ಪಣ್ಣನ ಮುಖ ಸಣ್ಣದಾಗಿತ್ತು, ಕೂದಲನ್ನು ಯಾರೋ ಅವನು ಬಾಚದ ರೀತಿಯಲ್ಲಿ ಬಾಚಿದ್ದರು.

"ಬಂದೆ ಕಣೋ" ಎಂದ ಕೆಂಡಣ್ಣ, ತುಟಿಯೊಳಗೇ.

ತಿರುಗಿ ಹೊರಗೆ ಹೋಗುವುದು ಅವನ ಲೆಕ್ಕಾಚಾರ. ಮೊದಲ ಬೆಂಚಿನಲ್ಲಿ ಅತ್ತಿಗೆ ಸ್ವಲ್ಪ ಸರಿದು ಕೂತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಅವನು ಕೂತ.

ಪಾಸ್ಟರ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುರಿದರು. ಬಿಸಿ ಆವಿ ಎದ್ದಿತು. ಚರ್ಚಿನ ತುಂಬ ಬೇಕರಿಯ ವಾಸನೆ ಹರಡಿ ಅಲ್ಲಲ್ಲಿ ಜನ ಕಣ್ಣೊರೆಸಿಕೊಂಡರು. ತಟ್ಟೆ ಕೈಯಿಂದ ಕೈಗೆ ಬಂತು. ಕೆಂಡಣ್ಣ ಅದನ್ನು ತೆಗೆದುಕೊಂಡು ಏನೂ ಮುಟ್ಟದೆ ಮುಂದಿನವರಿಗೆ ದಾಟಿಸಿದ. ಇದು ಬಲ್ಲವರದು, ನಂಬಿದವರದು, ನನ್ನದಲ್ಲ ಎಂದುಕೊಂಡ.

ಅತ್ತಿಗೆ ತನ್ನ ತುಂಡನ್ನು ಎರಡಾಗಿ ಮುರಿದು ಅರ್ಧವನ್ನು ಅವನ ಮುಂದೆ ಹಿಡಿದಳು.

"ನನಗೆ ಬೇಡ ಅತ್ತಿಗೆ."

ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕತೆಯ ಆ ಸಾಲನ್ನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಇಬ್ಬರಿಗೂ ಬಾಯಿಪಾಠವಾಗಿತ್ತು. ಅವನು ಅಂಗೈ ಚಾಚಿದ.

ಬಾಯಿಗೆ ಹಾಕಿ ಒಮ್ಮೆ ಅಗಿದವನು ಹಾಗೇ ಕಲ್ಲಾದ. ಮತ್ತೊಮ್ಮೆ ಅಗಿದ. ಹಿಟ್ಟು, ನೀರು, ಸಕ್ಕರೆ, ಈಸ್ಟು ಎಂದು ಮನಸ್ಸಿನಲ್ಲೇ ಬೆರಳು ಮಡಚಿದ. ಬೇಕರಿಯಲ್ಲಿ ಇಷ್ಟು ವರ್ಷ ಉಪ್ಪಣ್ಣ ಬೇರೆ ಯಾರಿಗೂ ಮುಟ್ಟಗೊಡದೆ ಇದ್ದದ್ದು ಒಂದೇ ಒಂದು, ಅದನ್ನು ಹಾಕುವ ಕೈ ಎದುರಿಗೆ ಎದೆಯ ಮೇಲೆ ಮಡಚಿಕೊಂಡು ಮಲಗಿತ್ತು.

ಮೆಲ್ಲಗೆ ತಿರುಗಿ ನೋಡಿದ. ಹಾಲಿನವನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ. ದರ್ಜಿ ತಲೆ ಬಗ್ಗಿಸಿ ತಿನ್ನುತ್ತಿದ್ದ. ಅಷ್ಟು ಜನರಲ್ಲಿ ಒಬ್ಬರೂ ಮುಖ ಸಿಂಡರಿಸಿರಲಿಲ್ಲ.

"ಅತ್ತಿಗೆ" ಎಂದ, ದನಿ ತಗ್ಗಿಸಿ. "ಇದಕ್ಕೆ ಉಪ್ಪು..."

"ಗೊತ್ತು" ಎಂದಳು ಅತ್ತಿಗೆ. ಅವಳ ತುಟಿ ನಡುಗುತ್ತಿತ್ತು. "ತಿನ್ನಿ."

ಅವಳ ಭುಜ ಕುಲುಕಲು ಶುರುವಾಯಿತು. ಅವನದೂ. ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಬಗ್ಗಿದಳು. ಹಿಂದಿನ ಬೆಂಚಿನವರು, ಪಾಪ, ಎಷ್ಟು ದುಃಖ ಎಂದು ಮರುಗಿದರು. ಅವರು ಅಂದುಕೊಂಡದ್ದು ಪೂರ್ತಿ ತಪ್ಪೂ ಆಗಿರಲಿಲ್ಲ. ಕೆಂಡಣ್ಣ ನಗುತ್ತ, ಅಳುತ್ತ, ಮುಖ ತಗ್ಗಿಸಿ ಅಗಿಯುತ್ತಲೇ ಇದ್ದ. ಕೊನೆಯ ಚೂರಿನವರೆಗೂ ತಿಂದ. ತನ್ನ ಮಗಳು ಹೋದ ದಿನದಿಂದ ಅವನೊಳಗೆ ಬಿಗಿದುಕೊಂಡಿದ್ದ ಯಾವುದೋ ಒಂದು ಸಡಿಲಾಯಿತು, ಅದು ಏನೆಂದು ಅವನಿಗೆ ತಿಳಿಯಲಿಲ್ಲ.

ಪೆಟ್ಟಿಗೆ ಎತ್ತುವಾಗ ದರ್ಜಿ ಮುಂದೆ ಬಂದ. ಕೆಂಡಣ್ಣ ಅವನನ್ನು ಪಕ್ಕಕ್ಕೆ ಸರಿಸಿ ತನ್ನ ತುದಿಯನ್ನು ತಾನೇ ಹಿಡಿದ.

*

ಸಂಜೆ, ಬಂದವರೆಲ್ಲ ಹೋದ ಮೇಲೆ, ಕೆಂಡಣ್ಣ ಬೇಕರಿಯ ಹಿಂಬಾಗಿಲು ತೆಗೆದ. ನಾಳೆ ಬೆಳಗ್ಗೆ ಜನ ಬರುತ್ತಾರೆ. ಮೊದಲ ಬ್ರೆಡ್ಡು ಹೊರಬರುವಾಗ ಬಾಗಿಲ ಮುಂದೆ ಯಾರೋ ಒಬ್ಬರು ಹಾದುಹೋಗುತ್ತಾರೆ, ಯಾಕೆ ಎಂದು ಕೇಳಿದರೂ ಕೇಳಬಹುದು. ಹಿಟ್ಟು ಅಳೆದು ಹರಿವಾಣಕ್ಕೆ ಹಾಕಿದ. ನೀರು ಸುರಿದ. ನಾದಲು ಅಂಗಿಯ ತೋಳು ಮಡಚಿದವನು ನಿಂತ.

ಉಪ್ಪಿನ ಡಬ್ಬಿ ಕಿಟಕಿಯ ಪಕ್ಕದ ಹಲಗೆಯ ಮೇಲೆ, ಯಾವತ್ತೂ ಇರುವಲ್ಲೇ ಇತ್ತು. ಇಳಿಸಿ ಮುಚ್ಚಳ ತೆಗೆದ. ತೇವಕ್ಕೆ ಉಪ್ಪು ಗಟ್ಟಿಯಾಗಿತ್ತು. ಅದರ ನಡುವೆ ಒಂದು ಗುಳಿ. ಕೊನೆಯ ಸಲ ಬಾಚಿ ತೆಗೆದ ನಾಲ್ಕು ಬೆರಳುಗಳ ಗುರುತು ಹಾಗೇ ಉಳಿದಿತ್ತು.

ಕೆಂಡಣ್ಣ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ತನ್ನ ಬೆರಳುಗಳನ್ನು ಒಂದೊಂದಾಗಿ ಆ ಗುರುತಿನೊಳಗೆ ಇಟ್ಟ.